ಮೂವತ್ತೆಂಟನೆಯ ಹುಂಜ

೯-೩-೧೯೫೯, ಬೆಳಿಗ್ಗೆ ೬-೩೦

ಇನ್‌ಕ್ಯುಬೇಟರ್ ೧೦೧ ಡಿಗ್ರಿ. ಬತ್ತಿ ಕತ್ತರಿಸಿ ಸೀಮೆಎಣ್ಣೆ ತುಂಬಿಸಿದೆ. ಮೊಟ್ಟೆ ತಿರುಗಿಸಿ ಆಯಿತು. ಏಳು ದಿನದ ಟ್ರೇಯನ್ನು ಬೆಳಕಿಗೆ ಹಿಡಿದು ನೋಡಿದೆ — ಅರವತ್ತರಲ್ಲಿ ಐವತ್ತೊಂದಕ್ಕೆ ಜೀವ ಇದೆ. ಪರವಾಗಿಲ್ಲ.

ಹೋದ ವರ್ಷ ನಮ್ಮ ಕೋಳಿ ಸಾಕಣೆ ಕೇಂದ್ರಕ್ಕೆ ಬಂದ ಲೆಗ್‌ಹಾರ್ನ್ ಹುಂಜಗಳು ನಾಲ್ಕೂ ಚೆನ್ನಾಗಿವೆ. ಅಚ್ಚ ಬಿಳಿ. ನಾಲ್ಕಕ್ಕೂ ಒಂದೇ ಅಪ್ಪ, ಒಂದೇ ಅಮ್ಮ ಎಂದು ಕಾರ್ಡಿನಲ್ಲಿ ಬರೆದಿದೆ. ಒಳ್ಳೆಯ ಮನೆತನ! ಇವುಗಳ ಮಕ್ಕಳು ನಲವತ್ತು ಹುಂಜ ಹಂಚಲು ತಯಾರಾಗಿವೆ. ಸಾಲಾಗಿ ನಿಲ್ಲಿಸಿದರೆ ಯಾವುದು ಯಾವುದೆಂದು ನನಗೇ ಗೊತ್ತಾಗುವುದಿಲ್ಲ.

ಸಾಹೇಬರು ನಿನ್ನೆ ಬಂದು ಹೋದರು. ಮಾರ್ಚ್ ಮೂವತ್ತೊಂದರ ಒಳಗೆ ಕೊಡಂಗೆ 'ಮಾದರಿ ಗ್ರಾಮ' ಆಗಬೇಕಂತೆ. ಊರಿನ ಹುಂಜ ಒಂದು ಕೊಟ್ಟರೆ ನಮ್ಮ ಬಿಳಿ ಹುಂಜ ಒಂದು. ಹಳೆಯದು ಒಂದೂ ಉಳಿಯಬಾರದು. "ರುಕ್ಮಯ್ಯ, ನೂರಕ್ಕೆ ನೂರು ಆಗ್ಬೇಕು. ತೊಂಬತ್ತೊಂಬತ್ತು ಅಂತ ನನ್ನ ಹತ್ರ ಬರ್ಬೇಡಿ" ಎಂದರು. ಆಗುತ್ತದೆ ಎಂದೆ. ಪಶು ಇಲಾಖೆಯಲ್ಲಿ ಸ್ಟಾಕ್‌ಮನ್ ಆಗಿ ಎರಡು ವರ್ಷ ಆಯಿತು. ನನಗೂ ಒಂದು ಹೆಸರು ಬೇಕು.

೧೬-೩-೧೯೫೯

ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಕೊಡಂಗೆಗೆ ಹೋದದ್ದು ಇವತ್ತಿಗೆ ನಾಲ್ಕನೇ ಸಲ. ಇಪ್ಪತ್ತೊಂಬತ್ತು ಹುಂಜ ಬದಲಾಯಿಸಿ ಆಯಿತು. ಇನ್ನು ಒಂಬತ್ತು.

ಹೆಂಗಸರು ಹುಂಜ ತಂದು ಕೊಡುವಾಗ ಅದರ ಹೆಸರು ಹೇಳುತ್ತಾರೆ. ಕಕ್ಕೆ. ಮೈರೆ. ಕೆಮ್ಮೈರೆ. ಉರಿಯೆ. ಕುಪ್ಪುಳೆ. ಪುಕ್ಕದ ಬಣ್ಣ ನೋಡಿ ತುಳುವಿನಲ್ಲಿ ಇಟ್ಟ ಹೆಸರುಗಳು. ಒಂದರ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಕುತ್ತಿಗೆಯಲ್ಲಿ ಪುಕ್ಕವೇ ಇಲ್ಲ, ಒಂದು ಗಿಡ್ಡ ಕಾಲಿನದು, ಮತ್ತೊಂದು ಗೂಡಿಗೆ ಬಾರದೆ ಹಲಸಿನ ಮರದಲ್ಲೇ ಮಲಗುವುದಂತೆ. ನನ್ನ ರಿಜಿಸ್ಟರಿನಲ್ಲಿ 'ತಳಿ' ಎಂದು ಇರುವುದು ಒಂದೇ ಕಾಲಂ. ಎಲ್ಲದಕ್ಕೂ 'ದೇಶಿ' ಎಂದು ಬರೆದೆ. ಪುಟ ನೋಡಲು ಅಚ್ಚುಕಟ್ಟಾಗಿದೆ.

ಆ ಹೆಸರುಗಳು ನನಗೆ ಗೊತ್ತಿಲ್ಲದವೇನಲ್ಲ. ಅಪ್ಪನಿಗೆ ಬಾಯಿಪಾಠ ಇದ್ದವು. ಯಾವ ದಿನ ಯಾವ ಬಣ್ಣದ್ದು ಯಾವುದನ್ನು ಸೋಲಿಸುತ್ತದೆ ಎಂದು ಬೆರಳು ಮಡಚಿ ಹೇಳುತ್ತಿದ್ದರು. ಒಂದು ಕೋಳಿ ಅಂಕದಲ್ಲಿ, ಗೆದ್ದ ಹುಂಜವನ್ನು ಎತ್ತಿಕೊಳ್ಳುವಾಗ ಅದರ ಕಾಲಿಗೆ ಕಟ್ಟಿದ್ದ ಸಣ್ಣ ಕತ್ತಿ ತೊಡೆಗೆ ಹೊಕ್ಕಿತು. ರಕ್ತ ನಿಲ್ಲಲಿಲ್ಲ. ನನಗೆ ಆಗ ಒಂಬತ್ತು ವರ್ಷ. ಅಂದಿನಿಂದ ಬಣ್ಣದ ಹುಂಜ ಕಂಡರೆ ಆಗುವುದಿಲ್ಲ. ಎಲ್ಲ ಬಿಳಿಯಾಗಲಿ. ಆಗ ಅಂಕವೂ ಇಲ್ಲ, ಈ ಹೆಸರುಗಳೂ ಇಲ್ಲ.

ಬಂದ ಹುಂಜಗಳನ್ನು ತೋಡಾರಿನ ಅಬೂಬಕ್ಕರ್ ಬ್ಯಾರಿ ಸೈಕಲ್ಲಿನಲ್ಲಿ ಮೂಡಬಿದ್ರೆಗೆ ಮಾರಲು ಒಯ್ಯುತ್ತಾರೆ. ಬುಟ್ಟಿಯೊಳಗೆ ನೋಡಿ, "ಎಲ್ಲ ಉಂಟಲ್ಲ ಮಾರಾಯ್ರೆ ಇದರಲ್ಲಿ! ಊರೇ ಖಾಲಿ ಮಾಡ್ತೀರಾ?" ಎಂದು ನಕ್ಕರು.

೨೩-೩-೧೯೫೯

ಮೂವತ್ತೇಳು ಆಯಿತು. ಇನ್ನು ಒಂದೇ ಒಂದು.

ಪೂವಮ್ಮ ಎಂಬವರ ಮನೆ. ವಿಧವೆ. ಗಂಡನ ತಮ್ಮ ಜತ್ತಪ್ಪ ಪಕ್ಕದಲ್ಲೇ ಇದ್ದಾನೆ. ಹದಿನಾಲ್ಕು ಹೇಂಟೆ, ಒಂದು ಹುಂಜ. ಕೆಮ್ಮೈರೆ. ರಾಜಕಳೆ ಇದೆ, ಸುಳ್ಳು ಹೇಳಬಾರದು.

"ಅದು ಕೊಡ್ಲಿಕ್ಕೆ ಆಗುದಿಲ್ಲ ಡಾಕ್ಟ್ರೆ" ಎಂದರು. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅದೇ. "ಅದು ಹೇಳಿ ಇಟ್ಟ ಹುಂಜ. ಮಗಳು ಅಮ್ಮಣಿಗೆ ಎರಡು ಸಲ ಹೊಟ್ಟೆ ನಿಲ್ಲಲಿಲ್ಲ. ಈಗ ಏಳು ತಿಂಗಳು. ದೈವಕ್ಕೆ ಹರಕೆ ಹೇಳಿದ್ದೇನೆ."

"ಬಿಳಿ ಹುಂಜ ಕೊಡ್ತೇನಲ್ಲ? ಅದನ್ನೇ ಹರಕೆಗೆ ಕೊಡಿ. ಹುಂಜ ಹುಂಜವೇ."

"ಹೇಳಿದ್ದು ಇದನ್ನು. ತೋರಿಸಿ ಹೇಳಿದ್ದು. ನಿಮಗೆ ನೋಡಿದ ಹುಡುಗಿಯನ್ನು ಬಿಟ್ಟು ಬೇರೆಯವಳನ್ನು ಮಂಟಪಕ್ಕೆ ತಂದು ಕೂರಿಸಿದ್ರೆ ಸುಮ್ಮನೆ ತಾಳಿ ಕಟ್ತೀರಾ?"

ಜತ್ತಪ್ಪ ನಕ್ಕುಬಿಟ್ಟ. ನನಗೆ ಮುಖ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಹರಕೆ ಒಪ್ಪಿಸುವ ದೈವದ ಕೋಲ ಯಾವಾಗ ಎಂದು ಕೇಳಿದೆ. ಏಪ್ರಿಲ್ ಹತ್ತಕ್ಕಂತೆ. ನನ್ನ ರಿಪೋರ್ಟು ಮೂವತ್ತೊಂದಕ್ಕೆ ಹೋಗಬೇಕು.

೨೮-೩-೧೯೫೯

ಆಯಿತು. ಪೂವಮ್ಮ ಮಗಳನ್ನು ನೋಡಲು ನರಿಕೊಂಬಿಗೆ ಹೋಗಿದ್ದರು. ಜತ್ತಪ್ಪ ಹುಂಜ ಹಿಡಿದು ಕೊಟ್ಟ. ಅವನಿಗೆ ಮನಸ್ಸಿರಲಿಲ್ಲ. ಸರ್ಕಾರದ ಕೆಲಸಕ್ಕೆ ಅಡ್ಡ ಬಂದವನೆಂದು ನಿನ್ನ ಹೆಸರು ಬರೆಯಬೇಕಾಗುತ್ತದೆ ಎಂದೆ. ಅಂಥ ಕಾನೂನೇ ಇಲ್ಲ. ಹೆದರಿಸಿದೆ ಎಂದೇ ಇಲ್ಲಿ ಬರೆಯುತ್ತೇನೆ, ಬೇರೆ ಯಾರು ಓದುತ್ತಾರೆ?

ಹೆಬ್ಬೆಟ್ಟು ಒತ್ತಿಸಿಕೊಂಡೆ. ತಳಿ — ದೇಶಿ. ಅಬೂಬಕ್ಕರ್ ಬ್ಯಾರಿ ರಸ್ತೆಯಲ್ಲೇ ಸಿಕ್ಕಿದರು, ಬುಟ್ಟಿ ದಾಟಿಸಿದೆ. ಬಿಳಿ ಹುಂಜವನ್ನು ಪೂವಮ್ಮನ ಅಂಗಳದಲ್ಲಿ ಬಿಟ್ಟು ಬಂದೆ. ಅದು ಅಲ್ಲೇ ನಿಂತುಕೊಂಡಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ.

೩೧-೩-೧೯೫೯

ನೂರಕ್ಕೆ ನೂರು. ಸಾಹೇಬರು ಕೈ ಕುಲುಕಿದರು.

೧೧-೪-೧೯೫೯

ನಿನ್ನೆ ಕೊಡಂಗೆಯಲ್ಲಿ ಕೋಲ. ನಾನು ಹೋಗಲಿಲ್ಲ. ಇವತ್ತು ಜತ್ತಪ್ಪ ಬಿಳಿ ಹುಂಜ ಹಿಂದಕ್ಕೆ ತಂದುಕೊಟ್ಟ. ಅತ್ತಿಗೆಗೆ ಇದು ಬೇಡವಂತೆ. ಎಲ್ಲರೂ ಹರಕೆ ಒಪ್ಪಿಸುವಾಗ ಅವರು ಬರಿಗೈಯಲ್ಲಿ ನಿಂತಿದ್ದರಂತೆ. ಯಾರು ಏನು ಕೇಳಿದರೂ ಮಾತಾಡಲಿಲ್ಲವಂತೆ.

"ನನ್ನ ಹತ್ರವೂ ಮಾತಾಡುದಿಲ್ಲ" ಎಂದ ಜತ್ತಪ್ಪ. "ಬೈದಿದ್ರೆ ಒಳ್ಳೇದಿತ್ತು."

೩೦-೫-೧೯೫೯

ಅಮ್ಮಣಿಗೆ ಗಂಡು ಮಗು ಹುಟ್ಟಿತ್ತು. ಮೂರನೇ ದಿನ ಹೋಯಿತು.

ಅಬೂಬಕ್ಕರ್ ಬ್ಯಾರಿ ಹೇಳಿದರು. ಅವರಿಗೆ ನರಿಕೊಂಬಿನಲ್ಲಿ ಗಿರಾಕಿಗಳಿದ್ದಾರೆ. ಆಮೇಲೆ, "ಆ ಹುಂಜ ಹರಕೆದ್ದು ಅಂತ ನೀವು ನನಗೆ ಹೇಳ್ಲಿಲ್ಲ. ಹೇಳಿದ್ರೆ ನಾನು ಮುಟ್ತಿರ್ಲಿಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ.

ಮಗು ಸತ್ತದ್ದಕ್ಕೂ ಹುಂಜಕ್ಕೂ ಸಂಬಂಧ ಇಲ್ಲ. ಇದನ್ನು ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿಕೊಂಡೆನೋ. ಸಂಬಂಧ ಇಲ್ಲ. ನನಗೆ ಅದು ಗೊತ್ತು. ಪೂವಮ್ಮನಿಗೆ ಯಾರು ಹೇಳುವುದು? ನಾನು ಹೇಳುವುದೇ?

೧೯-೭-೧೯೫೯

ಧೈರ್ಯ ಮಾಡಿ ಕೊಡಂಗೆಯ ಆ ಮನೆಗೆ ಹೋದೆ. ಬೀಗ. ಹೇಂಟೆಗಳನ್ನೆಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಪೂವಮ್ಮ ಮಗಳ ಮನೆಗೆ ಹೋಗಿಬಿಟ್ಟಿದ್ದಾರೆ. ಕೆಮ್ಮೈರೆಯನ್ನು ಒಯ್ಯುವ ಮೊದಲೇ ಒಂದು ಹೇಂಟೆಯನ್ನು ಕಾವಿಗೆ ಕೂರಿಸಿದ್ದರಂತೆ, ಅದರ ಹನ್ನೊಂದು ಮರಿಗಳನ್ನೂ ಒಯ್ದಿದ್ದಾರೆ. ಜತ್ತಪ್ಪ ಅಂಗಳದಲ್ಲಿ ಹುಲ್ಲು ಕೀಳುತ್ತಿದ್ದ. ತಲೆ ಎತ್ತದೆಯೇ ಇಷ್ಟು ಹೇಳಿದ.

ಮಾದರಿ ಗ್ರಾಮದಲ್ಲಿ ಈಗ ಹಳೆಯ ಹುಂಜ ಮಾತ್ರವಲ್ಲ, ಅದರ ರಕ್ತದ ಗಂಡು ಮರಿಯೂ ಇಲ್ಲ. ಸಾಹೇಬರಿಗೆ ಹೇಳಿದರೆ ಸಂತೋಷಪಡುತ್ತಾರೆ. ನಾನು ಹೇಳುವುದಿಲ್ಲ.

೨-೧೨-೧೯೬೦

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಎಲ್ಲ ಚೆನ್ನಾಗಿಯೇ ಇದೆ.

ನ್ಯಾಯವಾಗಿ ಬರೆಯಬೇಕು. ಕೊಡಂಗೆಯ ಹೆಂಗಸರು ಖುಷಿಯಾಗಿದ್ದಾರೆ. ಹಳೆಯ ಹೇಂಟೆ ವರ್ಷಕ್ಕೆ ಐವತ್ತು ಮೊಟ್ಟೆ ಇಟ್ಟರೆ ದೊಡ್ಡದು, ಈಗಿನವು ನೂರು ದಾಟುತ್ತವೆ. ಹುಂಜ ಮುದಿಯಾದಾಗಲೆಲ್ಲ ನಮ್ಮ ಕೇಂದ್ರದಿಂದಲೇ ಬೇರೆ ಕೊಡುತ್ತೇವೆ. ಅವೂ ಆ ನಾಲ್ಕರ ಮೊಮ್ಮಕ್ಕಳು. ಬಿಳಿಯದನ್ನು ಗಿಡುಗ ಬೇಗ ಕಾಣುತ್ತದೆ, ಮರಿಗಳು ಹೋಗುತ್ತವೆ ಎಂಬುದೊಂದೇ ದೂರು. ಕಾವಿಗೆ ಕೂರುವುದಿಲ್ಲ ಎಂಬುದು ಇನ್ನೊಂದು. ಅದಕ್ಕೆ ನಮ್ಮ ಇನ್‌ಕ್ಯುಬೇಟರ್ ಇದೆಯಲ್ಲ.

ರಾಣಿಖೇತ್ ರೋಗದ ಚುಚ್ಚುಮದ್ದು ಎಲ್ಲಕ್ಕೂ ಕೊಟ್ಟು ಆಗಿದೆ. ಒಂದೂ ಬಿಟ್ಟಿಲ್ಲ.

೧೫-೮-೧೯೬೧

ಫೋಟೋ ತೆಗೆದರು. ಶಾಲೆಯ ಮುಂದೆ ಹೆಂಗಸರು ಒಬ್ಬೊಬ್ಬರೂ ಒಂದೊಂದು ಬಿಳಿ ಕೋಳಿ ಹಿಡಿದು ನಿಂತಿದ್ದರು. ಜತ್ತಪ್ಪನೂ ಇದ್ದ. ಊರಿನ ಒಟ್ಟು ಕೋಳಿ ೪೧೨. ಸಾಹೇಬರ ಭಾಷಣ — "ಒಂದೇ ಬಣ್ಣ, ಒಂದೇ ಗುಣ." ನಾನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದೆ.

೨೧-೧೦-೧೯೬೨

ಕೊಡಂಗೆಯಿಂದ ಒಂದು ಎಳೆ ಹೇಂಟೆ ತಂದರು. ನಾಲ್ಕು ತಿಂಗಳಿನದು. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿಕೊಂಡು ಬಿದ್ದಿದೆ. ಗಾಯ ಇಲ್ಲ. ತಿನ್ನುತ್ತದೆ, ಆದರೆ ಏಳುವುದಿಲ್ಲ. ನಾಯಿಯೋ ಮಕ್ಕಳೋ ತುಳಿದಿರಬೇಕು ಎಂದೆ.

೨೯-೧೦-೧೯೬೨

ಒಂಬತ್ತು. ಎಲ್ಲ ಹಾಗೆಯೇ. ತುಳಿದದ್ದಲ್ಲ.

೨೦-೧೧-೧೯೬೨

ದಿನಾ ಹೋಗುತ್ತಿದ್ದೇನೆ. ಮಾಡುವುದೇನೂ ಇಲ್ಲ, ಆದರೂ. ಈ ರೋಗ ಒಮ್ಮೆಲೇ ಕೊಲ್ಲುವುದಿಲ್ಲ. ಕಾಲು ಹೋಗುತ್ತದೆ, ಆಮೇಲೆ ರೆಕ್ಕೆ ಜೋಲುತ್ತದೆ. ಕೆಲವಕ್ಕೆ ಕಣ್ಣು ಬೂದಿಬಣ್ಣವಾಗುತ್ತದೆ. ನೀರಿನ ಚಿಪ್ಪು ಒಂದು ಗೇಣು ದೂರ ಇದ್ದರೂ ತಲುಪಲಾರವು. ಒಂದು ಮನೆಯಲ್ಲಿ ಮುದುಕಿಯೊಬ್ಬರು ಹನ್ನೆರಡು ಕೋಳಿಗಳಿಗೆ ಒಂದೊಂದಾಗಿ ಬಾಯಿಗೆ ನೀರು ಬಿಡುತ್ತಿದ್ದರು. ನನ್ನನ್ನು ನೋಡಿ, "ಚುಚ್ಚಿದ್ದೀರಲ್ಲ ಡಾಕ್ಟ್ರೆ, ಮತ್ತೆ ಯಾಕೆ ಹೀಗೆ?" ಎಂದರು.

ಆ ಚುಚ್ಚುಮದ್ದು ಬೇರೆ ರೋಗಕ್ಕೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದರೂ ಏನು ಪ್ರಯೋಜನ!

೧೪-೧೨-೧೯೬೨

ಲ್ಯಾಬಿನಿಂದ ಕಾಗದ ಬಂತು. ಕೋಳಿಗಳ ಪಕ್ಷವಾತ. ಔಷಧ ಇಲ್ಲ, ಚುಚ್ಚುಮದ್ದು ಇಲ್ಲ.

ಕೇಂದ್ರದ ಕಪಾಟಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಇತ್ತು, ಯಾರೂ ತೆರೆದದ್ದಲ್ಲ. ಡಿಕ್ಷನರಿ ಹಿಡಿದುಕೊಂಡು ಮೂರು ದಿನ ಓದಿದೆ. ಈ ರೋಗ ಕೆಲವು ವಂಶಗಳನ್ನು ಪೂರ್ತಿ ತೆಗೆಯುತ್ತದೆ, ಪಕ್ಕದಲ್ಲೇ ಇರುವ ಇನ್ನೊಂದು ವಂಶವನ್ನು ಮುಟ್ಟುವುದಿಲ್ಲ. ತಡೆಯುವ ಶಕ್ತಿ ರಕ್ತದಲ್ಲಿ ಬರುತ್ತದೆ, ಅಪ್ಪ-ಅಮ್ಮನಿಂದ. ಹುಟ್ಟಿದ ಮೇಲೆ ಕೊಡಲು ಆಗುವುದಿಲ್ಲ. ರೋಗ ತಡೆದು ನಿಂತವುಗಳಿಂದಲೇ ಮರಿ ಮಾಡಿಸಬೇಕು. ಬೇರೆ ದಾರಿ ಇಲ್ಲ ಎಂದು ಬರೆದಿದೆ.

ನಾಲ್ಕು ಅಣ್ಣತಮ್ಮಂದಿರು. ಅವರ ಮಕ್ಕಳು. ಅವರ ಮೊಮ್ಮಕ್ಕಳು. ಒಬ್ಬನಲ್ಲಿ ಇಲ್ಲದ್ದು ಯಾರಲ್ಲೂ ಇಲ್ಲ. ಇಡೀ ಊರಿಗೆ ಒಂದೇ ಬೀಗ ಹಾಕಿ, ಒಂದೇ ಕೀಲಿಕೈಗೆ ಎಲ್ಲ ಮನೆ ತೆರೆಯುವ ಹಾಗೆ ಮಾಡಿದವನು ನಾನು. ಆ ಮೂವತ್ತೆಂಟು ಹುಂಜಗಳಲ್ಲಿ ಯಾವುದರಲ್ಲಿ ಏನಿತ್ತೋ. ನನ್ನ ರಿಜಿಸ್ಟರಿನಲ್ಲಿ ಹುಡುಕಿದರೆ ಮೂವತ್ತೆಂಟು ಸಲ 'ದೇಶಿ' ಎಂದಿದೆ.

೬-೧-೧೯೬೩

ಮನೆಮನೆ ಎಣಿಸಿ ಬಂದೆ. ೪೧೨ರಲ್ಲಿ ಉಳಿದದ್ದು ೫೭. ಹೆಚ್ಚಿನವು ಹಳೆಯ ಹೇಂಟೆಗಳು, ಹುಂಜ ಬದಲಾಯಿಸುವ ಮೊದಲೇ ಹುಟ್ಟಿದವು. ಇನ್ನು ಕೆಲವು ಅವುಗಳ ಮಕ್ಕಳು, ಅರ್ಧ ಬಿಳಿ. ಅಚ್ಚ ಬಿಳಿಯದು ಆರು. ಹುಂಜ ಒಂದೂ ಇಲ್ಲ.

ಮೊಟ್ಟೆ ಮಾರಿ ಉಪ್ಪು-ಸೀಮೆಎಣ್ಣೆ ತರುತ್ತಿದ್ದ ಮನೆಗಳು. ಗಂಡಸರ ಕೈ ನೋಡದೆ ಇರಲು ಆ ಹೆಂಗಸರಿಗೆ ಇದ್ದದ್ದು ಅದೊಂದೇ. ಯಾರೂ ನನ್ನನ್ನು ಬೈಯಲಿಲ್ಲ. ಮಜ್ಜಿಗೆ ಕೊಟ್ಟರು.

೯-೧-೧೯೬೩

ಅಬೂಬಕ್ಕರ್ ಬ್ಯಾರಿ ಒಂದು ಮಾತು ಹೇಳಿದರು. ಜತ್ತಪ್ಪ ಎರಡು ವರ್ಷದ ಹಿಂದೆ ಅತ್ತಿಗೆಯ ಸಿಟ್ಟು ಇಳಿಸಲೆಂದು ಆರು ಬಿಳಿ ಮರಿಗಳನ್ನು ನರಿಕೊಂಬಿಗೆ ಒಯ್ದು ಕೊಟ್ಟಿದ್ದನಂತೆ. ಅವುಗಳ ಸಂತಾನವೆಲ್ಲ ಈ ಸಲ ಅಲ್ಲಿಯೂ ಕಾಲು ಬಿದ್ದು ಸತ್ತಿತು.

"ಬಾಕಿದ್ದು ಹೆಚ್ಚಿನವು ಉಂಟು" ಎಂದರು. "ಒಂದೇ ಗೂಡು, ಒಂದೇ ತಟ್ಟೆ. ಆ ಪೂವಮ್ಮನ ಹಳೆ ಕೋಳಿಗಳು ಏನೂ ಆಗದ ಹಾಗೆ ತಿರುಗಾಡ್ತವೆ. ನಾನೇ ನೋಡಿದ್ದೇನೆ."

ನಾಳೆ ಹೋಗಲೇಬೇಕು.

೧೦-೧-೧೯೬೩

ಬಿ.ಸಿ.ರೋಡಿನಲ್ಲಿ ಬಸ್ಸಿಳಿದು, ಪಾಣೆಮಂಗಳೂರಿನ ಹೊಳೆಯ ಸಂಕ ದಾಟಿ, ನರಿಕೊಂಬಿಗೆ ನಡೆದುಕೊಂಡು ಹೋದೆ. ಪೂವಮ್ಮನ ಅಳಿಯ ವೆಂಕಪ್ಪ ಹಂಚಿನ ಕಾರ್ಖಾನೆಗೆ ಹೋಗಿದ್ದ. ಅಮ್ಮಣಿ ಬಾಗಿಲಲ್ಲಿ ಕಂಡು ಒಳಗೆ ಹೋದಳು. ಪೂವಮ್ಮ ಅಂಗಳದಲ್ಲಿ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ.

ಅಂಗಳದಲ್ಲಿ ಕೋಳಿಗಳು. ಮಾತು ಶುರುಮಾಡುವ ಮೊದಲು ಎಣಿಸಿದೆ. ಕೆಟ್ಟ ಅಭ್ಯಾಸ. ಹತ್ತೊಂಬತ್ತು. ಕಪ್ಪು, ಬೂದಿ, ಚುಕ್ಕೆಯದು, ಬೋಳು ಕುತ್ತಿಗೆಯದು, ಗಿಡ್ಡ ಕಾಲಿನದು. ಮೊದಲು ಇಪ್ಪತ್ತಮೂರು ಇದ್ದವಂತೆ, ನಾಲ್ಕು ಈ ರೋಗದಲ್ಲಿ ಹೋದವು. ಸತ್ತ ನಾಲ್ಕರಲ್ಲಿ ಕಪ್ಪೂ ಇತ್ತು, ಚುಕ್ಕೆಯೂ ಇತ್ತು. ಅಂದರೆ ಕಾಪಾಡಿದ್ದು ಬಣ್ಣವಲ್ಲ. ಕಣ್ಣಿಗೆ ಕಾಣದ್ದು ಬೇರೇನೋ ಒಂದು ಕೆಲವಕ್ಕೆ ಇತ್ತು, ಕೆಲವಕ್ಕೆ ಇರಲಿಲ್ಲ. ಎಲ್ಲ ಒಂದೇ ಆಗಿರಲಿಲ್ಲ, ಅಷ್ಟೆ. ಬೇರೆ ಊರಿನಿಂದ ದೇಶಿ ಕೋಳಿ ತರಬಹುದು, ಆದರೆ ಯಾವುದು ನಿಲ್ಲುತ್ತದೆ ಯಾವುದು ಬೀಳುತ್ತದೆ ಎಂದು ಯಾರು ಹೇಳಬೇಕು? ಈ ಹತ್ತೊಂಬತ್ತು ರೋಗದ ಜೊತೆಗೇ ಮಲಗಿ ಎದ್ದು ನಿಂತವು.

ಹುಂಜ ಒಂದೇ. ಕೆಮ್ಮೈರೆ. ಅಂದಿನದರ ಮೊಮ್ಮಗ.

"ಹುಂಜ ಕೇಳ್ಬೇಡಿ ಡಾಕ್ಟ್ರೆ" ಎಂದರು ಪೂವಮ್ಮ. ನಾನಿನ್ನೂ ಬಾಯಿ ತೆರೆದಿರಲಿಲ್ಲ. "ಅಮ್ಮಣಿಗೆ ಈಗ ಎರಡು ತಿಂಗಳು. ಇದನ್ನು ಹೇಳಿ ಇಟ್ಟಿದ್ದೇನೆ. ಏಪ್ರಿಲ್ ಹತ್ತಕ್ಕೆ ಕೊಡಂಗೆಯ ಕೋಲ."

ಹುಂಜ ಬೇಡ ಎಂದೆ. ಕೊಡಂಗೆಯ ಸಂಗತಿ ಹೇಳಿದೆ. ಮೊಟ್ಟೆ ಸಾಕು, ಹನ್ನೆರಡೋ ಹದಿಮೂರೋ, ಅದರಿಂದ ಊರನ್ನು ಮತ್ತೆ ಎಬ್ಬಿಸಬಹುದು ಎಂದೆ. ಅವರು ಎಲ್ಲ ಕೇಳಿದರು.

"ಮೊಟ್ಟೆಯ ಒಳಗೆ ಇರುದು ಯಾರು? ಅದೇ ಹುಂಜ ಅಲ್ವಾ? ಹರಕೆ ಮುಗಿಯುವವರೆಗೆ ಈ ಅಂಗಳದ್ದು ಒಂದು ಗರಿ ಕೂಡ ನಿಮ್ಮ ಕೈಗೆ ಕೊಡುದಿಲ್ಲ."

"ಮುಗಿದ ಮೇಲೆ?"

"ಮುಗೀಲಿ ಮೊದಲು. ಹೋದ ಸಲ ಮುಗೀಲಿಕ್ಕೆ ನೀವು ಬಿಡ್ಲಿಲ್ಲ."

ಹಿಂದೆ ಬರುವಾಗ ಸಂಕದ ಮೇಲೆ ನಿಂತುಬಿಟ್ಟೆ. ಈಗ ಹೊಳೆಯಿತು, ಇಷ್ಟು ವರ್ಷ ಹೊಳೆಯದ್ದು. ಅಂದಿನ ಆ ಹುಂಜ ಏಪ್ರಿಲ್ ಹತ್ತಕ್ಕೆ ಹೇಗೂ ಹೋಗುತ್ತಿತ್ತು! ಅವರೇ ಕೊಯ್ಯಿಸುತ್ತಿದ್ದರು. ಕೊಡಂಗೆ ತಾನಾಗಿ ನೂರಕ್ಕೆ ನೂರು ಆಗುತ್ತಿತ್ತು. ಹತ್ತು ದಿನ ನಾನು ಕಾದಿದ್ದರೆ ಹರಕೆಯೂ ಸಲ್ಲುತ್ತಿತ್ತು, ಮಗು ಹೋದರೂ ಪೂವಮ್ಮನಿಗೆ ತನ್ನಿಂದ ಹೋಯಿತೆಂಬ ಸಂಕಟ ಇರುತ್ತಿರಲಿಲ್ಲ. ಮಾರ್ಚ್ ಮೂವತ್ತೊಂದು ಎಂಬ ಒಂದು ತಾರೀಕಿಗಾಗಿ. ನಾಚಿಕೆಯಾಗುತ್ತದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

೪-೩-೧೯೬೩

ರಿಪೋರ್ಟು ಕೊಟ್ಟೆ. ನಾಲ್ಕು ಪುಟ. ನಾಲ್ಕು ಹುಂಜಗಳ ಸಂಗತಿ, ಹತ್ತೊಂಬತ್ತು ಕೋಳಿಗಳ ಸಂಗತಿ, ನನ್ನ ತಪ್ಪು. ಸಾಹೇಬರು ಓದಿ ಕನ್ನಡಕ ತೆಗೆದರು.

"ಮೇಲಿನವರಿಗೆ ಇದನ್ನು ಹೇಗೆ ಕಳಿಸುದು ಮಾರಾಯ್ರೆ? ಫೋಟೋ ಬೇರೆ ಹೋಗಿದೆ. ಹೊಸ ಹುಂಜ ತರಿಸುವ, ಅದೇ ಫಾರ್ಮಿನಿಂದ. ನಿಮಗೆ ಪ್ರಮೋಷನ್ ಹತ್ರ ಉಂಟು, ನೆನಪಿರ್ಲಿ."

ರಿಪೋರ್ಟು ಅವರ ಡ್ರಾಯರಿಗೆ ಹೋಯಿತು. ಒಂದು ಪ್ರತಿ ನನ್ನ ಹತ್ತಿರ ಇದೆ. ಅದನ್ನು ನಾನೇ ಅಂಚೆಯಲ್ಲಿ ಮೇಲೆ ಕಳಿಸಿದೆ.

೧೧-೪-೧೯೬೩, ಮಧ್ಯಾಹ್ನ

ಕೊಡಂಗೆಯಿಂದ ಈಗ ಬಂದೆ. ನಿದ್ದೆ ಇಲ್ಲ. ಬರೆದು ಮಲಗುತ್ತೇನೆ.

ಬೆಳಕು ಹರಿಯುವಾಗ ಹರಕೆ ಒಪ್ಪಿಸುವುದು. ಪೂವಮ್ಮ ಹುಂಜವನ್ನು ಎದೆಗೆ ಅವಚಿ ನಿಂತಿದ್ದರು. ಅಮ್ಮಣಿ ಹಿಂದೆ. ಅವರ ಸರದಿ ಬರುವ ಮೊದಲು ನಾನು ಮುಂದೆ ಹೋದೆ. ಬೂಟು ಬಿಚ್ಚಿಟ್ಟಿದ್ದೆ. ಊರಿಗೆ ಊರೇ ನೋಡುತ್ತಿತ್ತು. ದೈವದ ಎದುರು ತಪ್ಪು ಒಪ್ಪಿಕೊಂಡು ಕಾಣಿಕೆ ಇಡುವವರು ಪ್ರತಿ ವರ್ಷ ಇರುತ್ತಾರೆ, ಪ್ಯಾಂಟು ಹಾಕಿದವರು ಕಡಿಮೆ.

"ನಾಲ್ಕು ವರ್ಷದ ಹಿಂದೆ ಈ ಅಮ್ಮನ ಹರಕೆಯ ಹುಂಜ ಒಯ್ದದ್ದು ನಾನು" ಎಂದೆ. ತುಳುವಿನಲ್ಲೇ ಹೇಳಿದೆ. "ಹತ್ತು ದಿನ ಕಾಯಬಹುದಿತ್ತು. ನನ್ನ ಕಾಗದ ತುಂಬಿಸಲಿಕ್ಕೆ ಒಯ್ದೆ."

ಜತ್ತಪ್ಪ ಗುಂಪಿನಿಂದ, "ಹಿಡಿದು ಕೊಟ್ಟದ್ದು ನಾನು" ಎಂದ. "ಹೆದರಿಸಿದ್ದು ನಾನು" ಎಂದೆ.

ದೈವದ ಕಾಲಿನ ಗಗ್ಗರದ ಸದ್ದು ನಿಂತಿತು. ಆಮೇಲೆ ನುಡಿಯಾಯಿತು — ನನಗೆ ಬರಬೇಕಾದದ್ದು ಇವತ್ತು ಬಂದಿದೆ, ನನ್ನ ಲೆಕ್ಕ ಸರಿಯಾಯಿತು. ನೀನು ನೋಯಿಸಿದ್ದು ಈ ಹೆಂಗಸನ್ನು. ಅವಳನ್ನು ಕೇಳು.

ತಿರುಗಿದೆ. ಕೈ ಮುಗಿದೆ. ಪೂವಮ್ಮ ನನ್ನ ಮುಖ ನೋಡಲಿಲ್ಲ. ಹುಂಜ ಒಪ್ಪಿಸಿದರು. ನಾನು ಕಣ್ಣು ಮುಚ್ಚಿಕೊಂಡೆ, ಅಪ್ಪನ ನೆನಪಾಯಿತು. ಕಣ್ಣು ತೆರೆದಾಗ ಅವರು ಮಗಳ ಕೈ ಹಿಡಿದು ಹೋಗಿಯಾಗಿತ್ತು.

ಸೈಕಲ್ ತೆಗೆಯಲು ಬಂದರೆ ಹ್ಯಾಂಡಲಿಗೆ ಒಂದು ಬಟ್ಟೆಯ ಗಂಟು ನೇತುಹಾಕಿತ್ತು. ಒಳಗೆ ಉಮಿ. ಉಮಿಯಲ್ಲಿ ಹದಿಮೂರು ಮೊಟ್ಟೆ. ಪಕ್ಕದಲ್ಲಿ ಅಮ್ಮಣಿ ಒಬ್ಬಳೇ ನಿಂತಿದ್ದಳು.

"ಅಮ್ಮ ಹೇಳಿದ್ರು, ತಡ ಮಾಡ್ಬೇಡಿ ಅಂತ. ಇದು ಇದೇ ವಾರದ ಮೊಟ್ಟೆ ಅಂತೆ. ಸೈಕಲ್ ನಿಧಾನ ಬಿಡ್ಬೇಕಂತೆ."

ನಾಲ್ಕು ಮೈಲಿ ಸೈಕಲ್ ಏರಲೇ ಇಲ್ಲ. ತಳ್ಳಿಕೊಂಡು ಬಂದೆ.

೨-೫-೧೯೬೩

ಹನ್ನೊಂದು ಮರಿ. ಎರಡು ಮೊಟ್ಟೆ ಒಡೆಯಲಿಲ್ಲ. ಹೊಸ ರಿಜಿಸ್ಟರ್ ಗೆರೆ ಹಾಕಿದೆ. ಒಂದೊಂದು ಮರಿಗೂ ಒಂದೊಂದು ಪುಟ.

ಅದೇ ದಿನ ಒಡೆದ ಹತ್ತು ಬಿಳಿ ಮರಿಗಳನ್ನೂ ಜೊತೆಗೇ ಬಿಟ್ಟೆ. ಕೊಡಂಗೆಯ ರೋಗದ ಗೂಡುಗಳಿಂದ ಕಸ ಕೆರೆದು ತಂದು ನೆಲಕ್ಕೆ ಹಾಸಿದೆ. ಮನಸ್ಸು ಒಪ್ಪುವುದಿಲ್ಲ, ಆದರೂ ಮಾಡಲೇಬೇಕು. ನಿಲ್ಲುತ್ತವೆಯೋ ಇಲ್ಲವೋ ನೋಡದೆ ಆ ಊರಿಗೆ ಇನ್ನೊಂದು ಕೋಳಿ ಕೊಡಲಾರೆ.

೨೭-೭-೧೯೬೩

ಹನ್ನೆರಡು ವಾರ. ಬಿಳಿಯವುಗಳಲ್ಲಿ ಐದು ಬಿದ್ದವು. ಬಣ್ಣದವುಗಳಲ್ಲಿ ಒಂದು, ಬೂದಿಯದು. ಬೆಳಿಗ್ಗೆ ಕಾಲು ಎಳೆಯುತ್ತಿತ್ತು. ಅದರ ಪುಟದಲ್ಲಿ ಬರೆದು ಮುಗಿಸುವಾಗ ಅಳು ಬಂತು. ಕೋಳಿಗೆ ಅಳುವ ಸ್ಟಾಕ್‌ಮನ್!

ಮೇಲಿನಿಂದ ಕಾಗದ ಬಂದಿದೆ. ಪ್ರಮೋಷನ್ ಇಲ್ಲ. ಪ್ರಯೋಗ ಮುಂದುವರಿಸಬಹುದು ಎಂದು ಕೆಳಗೆ ಒಂದು ಸಾಲು ಇದೆ. ಆ ಸಾಲು ಸಾಕು.

ಅಮ್ಮಣಿಗೆ ತಿಂಗಳು ತುಂಬುತ್ತಾ ಬಂತು. ಕೇಳಲು ಬಾಯಿ ಬರುವುದಿಲ್ಲ. ಅಬೂಬಕ್ಕರ್ ಬ್ಯಾರಿ ಬಂದಾಗಲೆಲ್ಲ ಅವರ ಮುಖ ನೋಡುತ್ತೇನೆ.

೧೮-೮-೧೯೬೩, ಬೆಳಿಗ್ಗೆ ೯

ಹದಿನೈದು ವಾರ. ಬಿಳಿ ಮೂರು, ಬಣ್ಣದ್ದು ಹತ್ತು. ಹತ್ತೂ ನೆಟ್ಟಗೆ ನಿಂತಿವೆ. ಪೈಕಿ ನಾಲ್ಕು ಗಂಡು. ಕೊಡಂಗೆಗೆ ಯಾವ ಗಂಡನ್ನು ಯಾವ ಹೇಂಟೆಗಳ ಜೊತೆ ಬಿಡುವುದೆಂದು ಪಟ್ಟಿ ಮಾಡುತ್ತಾ ಕುಳಿತಿದ್ದೆ. ಒಂದೇ ರಕ್ತ ಒಂದೇ ಕಡೆ ಸೇರಬಾರದು. ಒಂದು ಹಕ್ಕಿಯೂ ಕಡಿಮೆಯಾಗುವ ಹಾಗಿಲ್ಲ.

ಆಗ ಜತ್ತಪ್ಪ ಬಂದ. ಕೊಡೆ ಇದ್ದರೂ ಮಳೆಯಲ್ಲಿ ನೆನೆದಿದ್ದ, ಬಸ್ಸಿಳಿದು ಓಡಿ ಬಂದ ಹಾಗಿತ್ತು. ಪೆನ್ನು ಕೆಳಗಿಟ್ಟು ಎದ್ದೆ.

"ಅತ್ತಿಗೆ ಹೇಳಿ ಕಳಿಸಿದ್ದಾರೆ" ಎಂದ. "ಬಾಣಂತಿಗೆ ಸಾರು ಮಾಡ್ಲಿಕ್ಕೆ ಊರ ಕೋಳಿ ಒಂದು ಬೇಕಂತೆ. ಡಾಕ್ಟ್ರ ಹತ್ರವೇ ತರ್ಬೇಕಂತೆ. ಬಿಳಿದು ಕೊಟ್ರೆ ತಕ್ಕೊಳ್ಬೇಡ ಅಂದಿದ್ದಾರೆ."

ಬಾಣಂತಿಗೆ. ಎರಡು ಸಲ ಕೇಳಿದೆ. ಹೌದು, ಬಾಣಂತಿಗೆ. ಮಗುವಿಗೆ ನಿನ್ನೆಗೆ ಒಂಬತ್ತು ದಿನ ಆಯಿತಂತೆ.

ಒಳಗೆ ಹೋಗಿ ನಾಲ್ಕು ಗಂಡಿನಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹಿಡಿದೆ. ಕಾಲು ಕಟ್ಟಿ ಜತ್ತಪ್ಪನ ಕೈಗೆ ಕೊಟ್ಟೆ. ಕೊಡೆಯಡಿ ಅವಚಿಕೊಂಡು ಹೊರಟ. ಅದರ ಪುಟದಲ್ಲಿ 'ಬಾಣಂತಿಗೆ' ಎಂದು ಬರೆದೆ. ಸಾಹೇಬರು ಕೇಳಿದರೆ ಕೇಳಲಿ.

ಹುಟ್ಟಿದ್ದು ಗಂಡೋ ಹೆಣ್ಣೋ ಕೇಳಲೇ ಇಲ್ಲ! ಹೆಸರು ಇಟ್ಟರೋ ಏನೋ. ಜತ್ತಪ್ಪ ಇನ್ನೂ ರಸ್ತೆ ತಲುಪಿರಲಿಕ್ಕಿಲ್ಲ, ಕೂಗಿದರೆ ಕೇಳೀತು, ಓಡಿ —